ಕಾಯಕದ ಲೆಕ್ಕವೂ ದಾಂಪತ್ಯಧರ್ಮವೂ

ಕಾಯಕದಿಂದ ಬಂದ ಧನಕ್ಕೆ ಒಡೆಯರು ಯಾರೆಂಬ ವಿಚಾರವನ್ನು ಈ ಪತ್ರಿಕೆಯ ವಾಚಕರು ಅನೇಕ ಸಲ ಓದಿರುವರು. ಗುರುಲಿಂಗಜಂಗಮರೇ ಅದಕ್ಕೆ ಒಡೆಯರೆಂಬುದು ನಮ್ಮಲ್ಲಿ ಸಿದ್ಧವಾಗಿರುವ ಉತ್ತರ. ಆ ಉತ್ತರವನ್ನು ನಾನೂ ಸುಮಾರು ಮೂವತ್ತು ವರ್ಷಗಳಿಂದ ಮಠದ ಶಾಲೆಯ ಮಕ್ಕಳಿಗೆ ಹೇಳಿಕೊಡುತ್ತ ಬಂದವನು. ಆದರೆ ಆ ಧನದ ಲೆಕ್ಕವನ್ನು ಕೇಳುವ ಅಧಿಕಾರ ಯಾರಿಗುಂಟು, ಒಪ್ಪಿಸತಕ್ಕ ಹೊಣೆ ಯಾರದು ಎಂಬುದನ್ನು ಮಾತ್ರ ನಾನು ನೆಟ್ಟಗೆ ಯೋಚಿಸಿರಲಿಲ್ಲ. ಕಳೆದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ದಿನ ಚಿಮ್ಮನಚೋಡದ ನಮ್ಮ ಶಾಲೆಯ ಪಡಸಾಲೆಗೆ ಒಬ್ಬ ತಾಯಿಯು ತಗಡಿನ ಪೆಟ್ಟಿಗೆಯೊಂದನ್ನು ತಂದಿಳಿಸಿದಳು. ಅಂದಿನಿಂದ ಆ ಪ್ರಶ್ನೆಯು ನನ್ನನ್ನು ಬಿಟ್ಟಿಲ್ಲ.

ಆಕೆಯ ಮಕ್ಕಳಿಬ್ಬರೂ ನಮ್ಮಲ್ಲಿ ಓದಿದವರು. ಪತಿಯು ಈ ಭಾಗದ ಸಿಮೆಂಟು ಕಾರ್ಖಾನೆಗಳಲ್ಲಿ, ಮೊದಲು ಒಂದರಲ್ಲಿ ಎಂಟು ವರ್ಷ, ಅನಂತರ ಇನ್ನೊಂದರಲ್ಲಿ ಇಪ್ಪತ್ತಮೂರು ವರ್ಷ ದುಡಿದು, 2021ರಲ್ಲಿ ನಿವೃತ್ತನಾದವನು. ಈಗ ಅವರಿಬ್ಬರ ನಡುವೆ ವಿವಾಹವಿಚ್ಛೇದನದ ವ್ಯಾಜ್ಯ ನಡೆದಿದೆ. ಅದರ ಕಾರಣವನ್ನು ಬರೆಯುವುದು ನನ್ನ ಕೆಲಸವಲ್ಲ. ಇಬ್ಬರೂ ನನಗೆ ಬೇಕಾದವರು. ಪೆಟ್ಟಿಗೆಯಲ್ಲಿ ಪಗಾರದ ಚೀಟಿಗಳಿದ್ದವು, ಔಷಧದ ಅಂಗಡಿಯ ರಸೀದಿಗಳಿದ್ದವು, ಗೆದ್ದಲು ಹಿಡಿದ ಒಂದು ನಾಮನಿರ್ದೇಶನದ ಪ್ರತಿಯಿತ್ತು. ಅವುಗಳ ನಡುವೆ, ನಮ್ಮ ಕಡೆಯ ಕಾರ್ಮಿಕರು ಫಂಡು ಎಂದು ಕರೆಯುವ ಭವಿಷ್ಯನಿಧಿಯ ಎರಡು ವಾರ್ಷಿಕ ಚೀಟಿಗಳು ಹಳದಿಯಾಗಿ ಮಡಚಿಕೊಂಡಿದ್ದವು. ಒಂದೊಂದರ ಮೇಲೆ ಒಂದೊಂದು ಖಾತೆಯ ಅಂಕಿ. ಬರಹವೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ ಆಕೆಗೆ ಓದಲು ಬಾರದು. ಫಂಡೆಲ್ಲ ಎಂದೋ ಖರ್ಚಾಗಿ ಹೋಯಿತು, ಉಳಿದುದು ಅತ್ಯಲ್ಪವೆಂದು ಪತಿಯು ನ್ಯಾಯಾಲಯದಲ್ಲಿ ಹೇಳಿದ್ದನಂತೆ.

ನಾನು ಪಂಚರಂತೆ ಗಂಭೀರವಾಗಿ, ನಿನಗೆ ಎಷ್ಟು ಪಾಲು ಬೇಕೆಂಬ ಆಸೆಯಿದೆ ತಾಯಿ ಎಂದು ಕೇಳಿದೆ. ಆಕೆ ಕೊಟ್ಟ ಉತ್ತರವನ್ನು ಆಕೆಯ ಮಾತಿನಲ್ಲಿಯೇ ಬರೆಯುತ್ತೇನೆ: “ಪಾಲಿನ ಮಾತು ಆಮ್ಯಾಲ ಇರಲ್ರಿ ಮಾಸ್ತರ್ರೆ. ಮೂವತ್ತು ವರ್ಷ ನಸುಕಿನ್ಯಾಗ ಎದ್ದು ಡಬ್ಬಿ ಕಟ್ಟೀನಿ. ಎಷ್ಟು ಕೂಡಿತ್ತು, ಎಲ್ಲಿ ಹೋತು, ಆ ಲೆಕ್ಕಾ ಒಂದು ನನಗ ತಿಳಿಬೇಕು.”

ಪಾಲಿಗಿಂತ ಮೊದಲು ಲೆಕ್ಕ ಎಂಬ ಈ ಕ್ರಮವು ನನಗೆ ಹೊಸದಾಗಿ ಕಂಡಿತು. ಅದರ ನ್ಯಾಯವನ್ನು ತಿಳಿಯುವುದಕ್ಕೆ ಈ ಫಂಡೆಂಬುದು ಎಂತಹ ಧನವೆಂಬುದನ್ನು ಮೊದಲು ನೋಡಬೇಕು.

1952ರಲ್ಲಿ ಕಾರ್ಮಿಕರ ಭವಿಷ್ಯನಿಧಿಯ ಕಾಯಿದೆಯಾದಾಗ ಅದು ಮೊದಲು ಅನ್ವಯಿಸಿದ್ದು ಆರು ಉದ್ಯಮಗಳಿಗೆ ಮಾತ್ರ. ಆ ಆರರಲ್ಲಿ ಸಿಮೆಂಟು ಒಂದು. ನಿಜಾಮರ ಕಾಲದಿಂದ ಸಿಮೆಂಟಿನ ಭಟ್ಟಿ ಉರಿದ ಶಹಾಬಾದವು ಹೀಗೆ ಈ ಕಾಯಿದೆಯನ್ನು ಮೊದಲು ಕಂಡ ಊರುಗಳ ಸಾಲಿಗೆ ಸೇರಿತು. ಮುಂದೆ 1968ರಲ್ಲಿ ವಾಡಿಯ ಕಾರ್ಖಾನೆ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಮಿನ ಕಾರ್ಖಾನೆಗಳು ಬಂದವು. ಮೊದಲಿನ ವಂತಿಗೆಯು ನೂರಕ್ಕೆ ಆರೂಕಾಲು, ಎಂದರೆ ರೂಪಾಯಿಗೆ ಸರಿಯಾಗಿ ಒಂದಾಣೆ. ಮಾಲೀಕನದೂ ಅಷ್ಟೇ. ಅದು ಏರುತ್ತ ಏರುತ್ತ 1997ರ ಹೊತ್ತಿಗೆ ಹೆಚ್ಚಿನ ಕಾರ್ಖಾನೆಗಳಲ್ಲಿ ನೂರಕ್ಕೆ 12 ಆಯಿತು. 1995ರ ನವೆಂಬರಿನಿಂದ ಮಾಲೀಕನ ಭಾಗದೊಳಗಿನ 8.33ನ್ನು ನಿವೃತ್ತಿವೇತನದ ನಿಧಿಗೆ ಒಯ್ಯಲಾಯಿತು.

ಈ ಅಂಕಿಗಳು ಒಣಗಿದವುಗಳಂತೆ ತೋರಬಹುದು. ಆದರೆ ಅಡಿಗೆಮನೆಯ ಕಡೆಯಿಂದ ನೋಡಿರಿ. ಪಗಾರದ ದಿನ ಪತಿಯ ಕೈಗೆ ನೂರರ ಬದಲು ಎಂಬತ್ತೆಂಟು ಬಂದಿತು. ಕಡಿಮೆಯಾದ ಆ ಹನ್ನೆರಡನ್ನು ತಾಳಿಕೊಂಡವರು ಯಾರು? ಹಿಟ್ಟಿನ ಡಬ್ಬಿಗೆ ಬಿದ್ದ ಜೋಳ ಅಷ್ಟು ಕಡಿಮೆ, ಹಬ್ಬಕ್ಕೆ ಬಂದ ಸೀರೆ ಅಷ್ಟು ಅಗ್ಗ, ಮಗುವಿನ ಹಾಲು ಅಷ್ಟು ತೆಳ್ಳಗೆ. ದುಡಿದು ತಂದುದು ಒಬ್ಬನ ಕಾಯಕವಾದರೆ, ಉಣ್ಣದೆ ಉಳಿಸಿದುದು ಮನೆಯವರೆಲ್ಲರ ಕಾಯಕ. ಪಗಾರದಲ್ಲಿ ಪತಿಯ ಬೆವರು ಹೆಚ್ಚಿಗೆ ಇರಬಹುದು. ಉಳಿತಾಯದಲ್ಲಿ ಸತಿಯ ಬೆವರೇ ಹೆಚ್ಚೆಂದು ನನಗೆ ತೋರುತ್ತದೆ. ಖಾತೆಯ ಮೇಲಿನ ಹೆಸರು ಮಾತ್ರ ಒಂದೇ.

ಆದರೆ ಆ ಖಾತೆಯ ಹಳೆಯ ಬರಹವನ್ನು ಹುಡುಕುವುದು ಸುಲಭವಲ್ಲ. 2014ರಲ್ಲಿ ಒಬ್ಬ ಕಾರ್ಮಿಕನಿಗೆ ಜೀವಮಾನಕ್ಕೆಲ್ಲ ಒಂದೇ ಸಂಖ್ಯೆ ಎಂಬ ಏರ್ಪಾಡು ಬರುವವರೆಗೆ ಕಾರ್ಖಾನೆ ಬದಲಾದಂತೆ ಖಾತೆಯೂ ಬದಲಾಗುತ್ತಿತ್ತು. ವರ್ಗಾವಣೆಯ ಅರ್ಜಿ ಕೊಟ್ಟಿದ್ದರೆ ಹಳೆಯ ಹಣ ಹೊಸ ಖಾತೆಗೆ ಬಂದಿತು. ಇಲ್ಲದಿದ್ದರೆ ಇದ್ದಲ್ಲಿಯೇ ಉಳಿಯಿತು. ಮೂರು ವರ್ಷ ವಂತಿಗೆ ಬೀಳದ ಖಾತೆಗಳಿಗೆ 2011ರಿಂದ 2016ರ ವರೆಗೆ ಬಡ್ಡಿಯನ್ನು ಕೂಡ ನಿಲ್ಲಿಸಲಾಗಿತ್ತು. 2012ರಲ್ಲಿ ತಿಂಗಳ ವಂತಿಗೆಯ ವಿವರವು ಗಣಕಯಂತ್ರದ ಮೂಲಕ ಹೋಗತೊಡಗಿತು. ಅದಕ್ಕೆ ಮೊದಲು ಪ್ರತಿಯೊಬ್ಬ ಕಾರ್ಮಿಕನಿಗೂ ವರ್ಷಕ್ಕೊಂದು ವಂತಿಗೆಯ ಕಾರ್ಡು, ಇಡೀ ಕಾರ್ಖಾನೆಗೆ ಒಂದು ಒಟ್ಟು ತಃಖ್ತೆ ಎಂದು ಕಾಗದದ ಮೇಲೆಯೇ ನಡೆಯುತ್ತಿತ್ತು. ಈಗಿನ ಪಾಸುಪುಸ್ತಕದಲ್ಲಿ ಆ ವರ್ಷಗಳೆಲ್ಲ ಎಷ್ಟೋ ಸಲ ಪ್ರಾರಂಭದ ಒಂದೇ ಮೊತ್ತವಾಗಿ ಅಡಗಿರುತ್ತವೆ. ಇನ್ನು ಕೆಲವು ದೊಡ್ಡ ಕಾರ್ಖಾನೆಗಳು ಸರಕಾರದ ಅನುಮತಿಯಿಂದ ತಮ್ಮದೇ ವಿಶ್ವಸ್ತಮಂಡಲಿಯ ಮೂಲಕ ನಿಧಿಯನ್ನು ನಡೆಸಿದುದುಂಟು. ಅಂತಹ ಕಡೆ ಹಳೆಯ ಖಾತೆಪುಸ್ತಕಗಳು ಇರುವುದು ಆ ಮಂಡಲಿಯ ಬಳಿಯಲ್ಲಿ. ಆದುದರಿಂದ ಪೆಟ್ಟಿಗೆಯಲ್ಲಿ ಸಿಕ್ಕ ಆ ಎರಡು ಹಳದಿ ಚೀಟಿಗಳ ಬೆಲೆ ದೊಡ್ಡದು. ಖಾತೆಯ ಅಂಕಿ ತಿಳಿಯದವನು ಯಾವ ಕಪಾಟನ್ನು ತೆರೆಯಿಸಿಯಾನು? ಹಳೆಯ ಪಗಾರಚೀಟಿಗಳನ್ನು ಒಲೆಗೆ ಹಾಕುವ ತಾಯಂದಿರು ಇದನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು.

ಆಕೆ ಅಂಕಿಗಳನ್ನು ಹಿಡಿದು ಕಚೇರಿಯೊಂದಕ್ಕೆ ಹೋದಳು. ಖಾತೆದಾರನಲ್ಲದವರಿಗೆ ವಿವರ ಕೊಡಲಾಗದೆಂದು ಅಲ್ಲಿ ಹೇಳಿದರು. ಆಕೆಗೆ ಸಿಟ್ಟು ಬಂದಿತು. ಮೊದಲು ನನಗೂ ಬಂದಿತು. ಮಾಹಿತಿಹಕ್ಕಿನ ಅರ್ಜಿ ಹಾಕೋಣವೆಂದು ನಾನೇ ಹುರುಪಿನಿಂದ ಹೇಳಿದೆ. ಸ್ನೇಹಿತರಾದ ವಕೀಲರೊಬ್ಬರು ನಕ್ಕು, ನೌಕರನೊಬ್ಬನ ಸೇವೆಯ ಮತ್ತು ಆದಾಯದ ದಾಖಲೆಗಳು ವೈಯಕ್ತಿಕವಾದವು, ದೊಡ್ಡ ಸಾರ್ವಜನಿಕ ಹಿತವಿಲ್ಲದೆ ಅವುಗಳನ್ನು ಹೊರಗೆಡಹಬಾರದೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿಯೇ ಹೇಳಿದ್ದನ್ನು ತೋರಿಸಿದರು. ರಾತ್ರಿ ಮಲಗಿ ಯೋಚಿಸಿದಾಗ ಆ ನಿರಾಕರಣೆಯಲ್ಲಿ ನ್ಯಾಯವುಂಟೆಂದು ನನಗೂ ತೋರಿತು. ನಾಳೆ ದುಡಿಯುವ ಹೆಣ್ಣುಮಗಳೊಬ್ಬಳ ಖಾತೆಯನ್ನು ಆಕೆಗೆ ಕಿರುಕುಳ ಕೊಡುವ ಪತಿಯೋ ಮೈದುನನೋ ಬಂದು ಕೇಳಿದರೆ ಇದೇ ಗೋಡೆಯು ಆಕೆಯನ್ನು ಕಾಯಬೇಕು. ಬಾಗಿಲು ಬೇರೊಂದು ಕಡೆಗಿದೆ. ವ್ಯಾಜ್ಯ ನಡೆದಿರುವ ನ್ಯಾಯಾಲಯವನ್ನು ಬೇಡಿದರೆ ಅದು ಖಾತೆಯ ಉತಾರೆಯನ್ನು ತಂದೊಪ್ಪಿಸುವಂತೆ ಕಚೇರಿಗೋ ಕಾರ್ಖಾನೆಗೋ ವಿಶ್ವಸ್ತಮಂಡಲಿಗೋ ಆಜ್ಞೆ ಕಳಿಸಬಲ್ಲದು. ಇದಲ್ಲದೆ 2020ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು, ಜೀವನಾಂಶದ ಪ್ರಕರಣಗಳಲ್ಲಿ ಸತಿಪತಿಗಳಿಬ್ಬರೂ ತಮ್ಮ ತಮ್ಮ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪೂರ್ವಕವಾಗಿ ಬರೆದುಕೊಡಬೇಕೆಂದು ದೇಶಕ್ಕೆಲ್ಲ ವಿಧಿಸಿತು. ತನಗೆ ಮಾತ್ರ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ತಾನೇ ಸ್ಥಾಪಿಸಬೇಕೆಂಬ ತತ್ತ್ವವು 1872ರ ಸಾಕ್ಷ್ಯದ ಕಾಯಿದೆಯಲ್ಲಿ ಇದ್ದಿತು. ಅದರ ಬದಲಿಗೆ 2024ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿಯೂ ಉಳಿದಿದೆ.

ಲೆಕ್ಕಕ್ಕೆ ದಾರಿಯುಂಟು. ಪಾಲಿಗೆ? ಇಲ್ಲಿ ಭ್ರಮೆ ಬೇಡ. 1955ರ ವಿವಾಹದ ಕಾಯಿದೆಯು ತನಗೆ ಒಳಪಡುವವರನ್ನು ಹೇಳುವಾಗ ವೀರಶೈವರನ್ನೂ ಲಿಂಗಾಯತರನ್ನೂ ಹೆಸರೆತ್ತಿಯೇ ಹೇಳಿದೆ. ಆದರೆ ಪತಿಯ ಗಳಿಕೆಯಲ್ಲಿ ಸತಿಗೆ ಅರ್ಧವೆಂದು ಅದು ಎಲ್ಲಿಯೂ ಹೇಳಿಲ್ಲ. ಮದುವೆಯ ಕಾಲಕ್ಕೆ ಬಂದು ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ 27ನೆಯ ಕಲಮಿದೆ. ಶಾಶ್ವತ ಜೀವನಾಂಶಕ್ಕೆ 25ನೆಯ ಕಲಮಿದೆ. ಅದರಲ್ಲಿ ಇಬ್ಬರ ಆದಾಯ, ಆಸ್ತಿ, ನಡತೆಗಳನ್ನು ನೋಡಿ ನ್ಯಾಯಾಧೀಶರು ಯುಕ್ತವಾದುದನ್ನು ಗೊತ್ತುಪಡಿಸುತ್ತಾರೆ. 1952ರ ಭವಿಷ್ಯನಿಧಿಯ ಕಾಯಿದೆಯಂತೂ ನಿಧಿಯಲ್ಲಿರುವ ಹಣವನ್ನು ಯಾವ ನ್ಯಾಯಾಲಯದ ತೀರ್ಪಿನಿಂದಲೂ ಜಪ್ತಿ ಮಾಡಬಾರದೆಂದು ವಿಧಿಸಿತು. ಸಾಹುಕಾರನು ಮುದುಕನ ತುತ್ತನ್ನು ಕಸಿಯಬಾರದೆಂಬುದು ಅದರ ಸದುದ್ದೇಶ. ಅಮೆರಿಕಾ ದೇಶದಲ್ಲಿ 1984ರ ಕಾಯಿದೆಯಿಂದೀಚೆಗೆ ವಿಚ್ಛೇದನದ ನ್ಯಾಯಾಲಯವು ಕಾರ್ಖಾನೆಯ ನಿವೃತ್ತಿನಿಧಿಯನ್ನೇ ಒಡೆದು ಸತಿಗೆ ಭಾಗ ಕೊಡಿಸಬಹುದು. ನೆರೆಯ ಗೋವೆಯಲ್ಲಿಯೂ ಪೋರ್ತುಗೀಜರ ಕಾಲದ ವಿಧಿಯಂತೆ ಬೇರೆ ಕರಾರಿಲ್ಲದಿದ್ದರೆ ದಂಪತಿಗಳ ಸ್ವತ್ತು ಸಮಾನವಾದದ್ದು. ನಮ್ಮಲ್ಲಿ ಅದಿಲ್ಲ. ಆದುದರಿಂದ ನಮ್ಮಲ್ಲಿ ಲೆಕ್ಕದ ಮಹತ್ತ್ವ ಇನ್ನೂ ಹೆಚ್ಚು. ಪಾಲು ನಿಶ್ಚಿತವಾಗಿರುವಲ್ಲಿ ಲೆಕ್ಕವನ್ನು ಅಂಕಗಣಿತವೇ ಮಾಡೀತು. ಪಾಲು ನ್ಯಾಯಾಧೀಶರ ವಿವೇಕಕ್ಕೆ ಬಿಟ್ಟಿರುವಲ್ಲಿ ಮುಚ್ಚಿಟ್ಟವನೇ ಗೆಲ್ಲುತ್ತಾನೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕಾಗಿದೆ. ಹದಿನೈದು ವರ್ಷಗಳ ಹಿಂದೆ ಒಂದು ಶ್ರಾವಣಮಾಸದ ಪ್ರವಚನ ಮುಗಿದ ಮೇಲೆ ಇದೇ ತಾಯಿ ಬಂದು, ಮನೆಯವರ ಫಂಡಿನ ಮಾತು ಕೇಳಿದರೆ ಅವರು ಸಿಡುಕುತ್ತಾರೆ, ಕೇಳುವುದು ತಪ್ಪೇ ಎಂದು ನನ್ನನ್ನು ವಿಚಾರಿಸಿದ್ದಳು. ಅಂದು ನಾನು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳಿದ್ದೆ. ಅದೇ ಕಥೆಯನ್ನು ಮತ್ತೆ ಎತ್ತಿ, ತಂದಷ್ಟರಲ್ಲಿ ತೃಪ್ತಿಪಡುವುದೇ ಶರಣಸತಿಯ ಲಕ್ಷಣ, ರೊಕ್ಕದ ವಿಚಾರಣೆ ಆಕೆಗೆ ಸಲ್ಲದು ಎಂದು ಉತ್ತರ ಕೊಟ್ಟೆ. ಆಕೆ ಅಡ್ಡಬಿದ್ದು ಹೋದಳು. ಪೆಟ್ಟಿಗೆಯನ್ನು ಇಳಿಸಿದ ದಿನ ಆಕೆ ಅದನ್ನು ನನಗೆ ನೆನಪಿಸಲಿಲ್ಲ. ನನಗೇ ನೆನಪಾಯಿತು.

ಕಥೆಯೇನು? ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮನು ಅದನ್ನು ಕಂಡು, ಇದು ನಮ್ಮ ಕಾಯಕದ ಅಳತೆಯಲ್ಲವೆಂದು ಹೆಚ್ಚಾದುದನ್ನು ತಿರುಗಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಮಾರಯ್ಯನು ಹಾಗೆಯೇ ಮಾಡಿದನು. ಈ ಕಥೆಯಲ್ಲಿ ನಾನು ಮೂವತ್ತು ವರ್ಷ ಕಂಡುದು ಅಲ್ಪತೃಪ್ತಿಯೊಂದನ್ನೇ. ಹೆಚ್ಚೆಂಬುದು ಲಕ್ಕಮ್ಮನಿಗೆ ತಿಳಿದುದು ಹೇಗೆ ಎಂದು ನಾನು ಕೇಳಿಕೊಂಡಿರಲಿಲ್ಲ. ಮಾರಯ್ಯನು ಗಂಟನ್ನು ಆಕೆಯ ಮುಂದೆ ಬಿಚ್ಚಿದ್ದರಿಂದ ತಿಳಿಯಿತು. ನಿನ್ನೆಯ ಅಳತೆಯೂ ಮೊನ್ನೆಯ ಅಳತೆಯೂ ಆಕೆಯ ಕೈಗೆ ಗೊತ್ತಿದ್ದುದರಿಂದ ತಿಳಿಯಿತು. ಲಕ್ಕಮ್ಮನು ಆ ಮನೆಯ ಲೆಕ್ಕವನ್ನು ನೋಡಿದವಳು, ತೂಗಿದವಳು, ತಪ್ಪಿದಲ್ಲಿ ಪತಿಯನ್ನು ತಡೆದವಳು. ಮಾರಯ್ಯನು ಗಂಟನ್ನು ಬೇರೆಲ್ಲಿಯಾದರೂ ಇಟ್ಟು ಬಂದಿದ್ದರೆ ಆಕೆಯ ನಿಸ್ಪೃಹತೆಗೆ ಕೆಲಸವೇ ಇರಲಿಲ್ಲ. ಕೇಳಬೇಡವೆಂದು ನಾನು ಯಾವ ಕಥೆಯಿಂದ ಹೇಳಿದೆನೋ, ಆ ಕಥೆಯು ಕೇಳಿದವಳದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಭಟ್ಟಿಯ ಮುಂದೆ ನಿಂತು ಬೆಂದವನು ನಾನು, ಖಾತೆ ನನ್ನ ಹೆಸರಿನಲ್ಲಿದೆ, ನನ್ನ ಧನದ ಲೆಕ್ಕ ನಾನು ಯಾರಿಗೆ ಕೊಡಲಿ ಎಂದು ಪತಿಯು ಕೇಳಬಹುದು. ಲೋಕದ ನ್ಯಾಯದಲ್ಲಿ ಈ ಮಾತಿಗೆ ಸ್ವಲ್ಪ ಬಲವುಂಟು. ಒಡೆಯನಾದವನು ತನ್ನ ಸ್ವತ್ತನ್ನು ಗುಟ್ಟಾಗಿಡಬಹುದು. ಆದರೆ ಲಿಂಗವಂತನಾದವನು ಹೀಗೆ ಹೇಳುವಂತಿಲ್ಲ. ಅವನು ತನ್ನ ಕಾಯಕದ ಫಲಕ್ಕೆ ಒಡೆಯನಲ್ಲವೆಂದು ದೀಕ್ಷೆಯ ದಿನವೇ ಒಪ್ಪಿಕೊಂಡವನು. ಒಡೆಯನಲ್ಲದಿದ್ದರೆ ಮತ್ತೇನು? ಕಾವಲುಗಾರ, ಕರಣಿಕ. ಒಡೆಯನಿಗೆ ಗುಟ್ಟಿನ ಹಕ್ಕುಂಟು, ಕರಣಿಕನಿಗೆ ಇಲ್ಲ. ಹೀಗೆ ದಾಸೋಹದ ತತ್ತ್ವವು ಲೆಕ್ಕದ ಹೊಣೆಯನ್ನು ಇಳಿಸುವ ಬದಲು ಏರಿಸುತ್ತದೆ. ಎಲ್ಲವೂ ಶಿವನದು, ನಿನಗೇಕೆ ಲೆಕ್ಕ ಎಂದು ಸತಿಗೆ ಹೇಳುವ ಗೃಹಸ್ಥರನ್ನು ನಾನು ಬಲ್ಲೆ. ಶಿವನದಾದರೆ ಇನ್ನೂ ಕಟ್ಟುನಿಟ್ಟಾಗಿ ತೋರಿಸಬೇಕಷ್ಟೆ! ಮಠಗಳಲ್ಲಿಯೂ ಈ ಮಾತನ್ನು ಕೆಲವರು ಆಡುವುದುಂಟು. ಅದರ ವಿಚಾರ ಇಲ್ಲಿ ಬೇಡ.

ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಕೊಂಡೆಯರು ಹೇಳಿದಾಗ ಭಂಡಾರದ ಲೆಕ್ಕವನ್ನು ಎಣಿಸಲಾಯಿತು, ಒಂದೂ ಕಡಿಮೆಯಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪುರಾಣಿಕರು ಅದನ್ನು ಪವಾಡವೆಂದು ಬಣ್ಣಿಸುವರು. ಪವಾಡವನ್ನು ಬದಿಗಿಟ್ಟು ನೋಡಿದರೂ ಒಂದು ಸಂಗತಿ ಉಳಿಯುತ್ತದೆ: ನಾನು ಭಕ್ತ, ನನ್ನ ಲೆಕ್ಕವನ್ನು ನೋಡಬೇಡಿರೆಂದು ಬಸವಣ್ಣನವರು ಹೇಳಲಿಲ್ಲ. ಅರಸನಿಗೆ ಸಂದ ಈ ಮರ್ಯಾದೆಯು, ಜೊತೆಯಲ್ಲಿ ಮೂವತ್ತು ವರ್ಷ ಬಾಳಿದವಳಿಗೆ ಸಲ್ಲದೆ?

ಇನ್ನೊಂದು ಆಕ್ಷೇಪವನ್ನು ನಮ್ಮ ಊರಿನ ಹಿರಿಯರೊಬ್ಬರು ತಂದರು. ಅಕ್ಕಮಹಾದೇವಿಯು ಕೌಶಿಕನ ಅರಮನೆಯಿಂದ ಏನನ್ನೂ ತೆಗೆದುಕೊಳ್ಳದೆ ಹೊರಟಳಲ್ಲವೆ, ಈಕೆಗೇಕೆ ಈ ಕಾಗದದ ಮೋಹ ಎಂದರು. ಮಾತು ಚೆನ್ನಾಗಿತ್ತು, ಪಡಸಾಲೆಯಲ್ಲಿದ್ದವರೆಲ್ಲ ತಲೆದೂಗಿದರು. ಆದರೆ ಅಕ್ಕನ ತ್ಯಾಗವು ಅಕ್ಕನದು. ಬಿಟ್ಟುಬಿಡೆಂದು ಆಕೆಗೆ ಯಾರೂ ಉಪದೇಶಿಸಿರಲಿಲ್ಲ. ತ್ಯಾಗವನ್ನು ಮಾಡಬಹುದಲ್ಲದೆ ಇನ್ನೊಬ್ಬರಿಂದ ಮಾಡಿಸಲಾಗದು. ಅದೂ ಅಲ್ಲದೆ, ಏನಿದೆಯೆಂದು ತಿಳಿಯದವಳು ಏನನ್ನು ತ್ಯಜಿಸಿಯಾಳು? ಅಕ್ಕನಿಗೆ ಅರಮನೆಯ ವೈಭವವು ಗೊತ್ತಿದ್ದಿತು. ಈ ತಾಯಿ ನಾಳೆ ಎಲ್ಲವನ್ನೂ ಬಿಟ್ಟೇನೆಂದರೂ, ಅದಕ್ಕೆ ಮೊದಲು ಉತಾರೆಯನ್ನು ಓದಿರಬೇಕು. ಊರ ಪಂಚರ ಮುಂದೆ ಸೋಡಚೀಟಿ ಬರೆಸಿ ಬಿಡಿಸುವ ಪದ್ಧತಿಯಿದ್ದಾಗ, ಮದುವೆಗೆ ಕೊಟ್ಟುದು ತಂದುದೆಲ್ಲ ಎಲ್ಲರೂ ಕಂಡ ವಸ್ತುವಾಗಿತ್ತು: ದನ, ಪಾತ್ರೆ, ಬಂಗಾರ. ಕಾಣದ ಧನವೆಂಬುದು ಈ ಕಾಲದ್ದು. ಆದುದರಿಂದ ಕಾಣಿಸುವ ಹೊಣೆಯೂ ಈ ಕಾಲದ್ದೇ.

ಸಂಸ್ಕೃತ ಪಾಠ ಹೇಳುವವನಾದ ನನಗೆ ಇಲ್ಲಿ ವಿಜ್ಞಾನೇಶ್ವರನ ನೆನಪಾಗದೆ ಇರಲಾರದು. ಆತನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಶರಣರಿಗಿಂತ ಸುಮಾರು ಅರ್ಧ ಶತಮಾನ ಮೊದಲು, ಕಲ್ಯಾಣದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನು. ಶಹಾಬಾದಕ್ಕೆ ಸಮೀಪದ ಮರತೂರು ಆತನ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಭರತಖಂಡದ ಹೆಚ್ಚಿನ ಭಾಗವನ್ನು ಶತಮಾನಗಳ ಕಾಲ ಆಳಿದ ದಾಯಶಾಸ್ತ್ರವು ಹೀಗೆ ನಮ್ಮ ಈ ಕಲ್ಲುಗಣಿಗಳ ನೆರೆಯವನದು. ಶರಣರು ಸ್ಮೃತಿಯನ್ನು ಪ್ರಮಾಣವಾಗಿ ಹಿಡಿದವರಲ್ಲ, ನಿಜ. ಆ ಸ್ಮೃತಿಯಲ್ಲಿ ನಾವು ಒಪ್ಪಲಾಗದುದು ಬಹಳವಿದೆ. ಆದರೂ ಸ್ತ್ರೀಧನದ ಪ್ರಕರಣದಲ್ಲಿ ಆತನ ಕಣ್ಣು ಸೂಕ್ಷ್ಮವಾದುದು. ಬರಗಾಲದಲ್ಲಿ, ಮಾಡಲೇಬೇಕಾದ ಧರ್ಮಕಾರ್ಯದಲ್ಲಿ, ರೋಗದಲ್ಲಿ, ಸೆರೆಯಲ್ಲಿ ಸಿಕ್ಕಿದಾಗ ಪತಿಯು ಸತಿಯ ಧನವನ್ನು ತೆಗೆದುಕೊಂಡರೆ ತಿರುಗಿ ಕೊಡಬೇಕಾಗಿಲ್ಲವೆಂದು ಸ್ಮೃತಿಯಿದೆ. ಇದಕ್ಕೆ ವಿಜ್ಞಾನೇಶ್ವರನು ಒಂದು ನಿಬಂ­ಧನೆಯನ್ನು ಸೇರಿಸುತ್ತಾನೆ: ಪತಿಯ ಬಳಿಯಲ್ಲಿ ಬೇರೆ ದ್ರವ್ಯವಿಲ್ಲದಿದ್ದರೆ ಮಾತ್ರ. ಬೇರೆ ರೀತಿಯಲ್ಲಿ ತೆಗೆದುಕೊಂಡವನು ಕೊಡತಕ್ಕುದೇ. ಈ ಪಂಕ್ತಿಯನ್ನು ನಾನು ಎಷ್ಟೋ ವಿದ್ಯಾರ್ಥಿಗಳಿಗೆ ಅನ್ವಯಪೂರ್ವಕವಾಗಿ ಹೇಳಿಕೊಟ್ಟಿದ್ದೇನೆ. ಬೇರೆ ದ್ರವ್ಯವಿತ್ತೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ವರ್ಷ ನ್ಯಾಯಾಲಯದ ಆಜ್ಞೆಯಂತೆ ಎರಡೂ ಖಾತೆಗಳ ಉತಾರೆಗಳು ಬಂದವು. ವಕೀಲರು ಪ್ರತಿಯೊಂದನ್ನು ಆಕೆಗೆ ಕೊಟ್ಟರು. ಆಕೆ ಅದನ್ನು ತಂದು ನನ್ನ ಮುಂದೆ ಹರಡಿದಳು. ಮೊದಲ ಖಾತೆಯ ಹಣವು 1999ರಲ್ಲಿ ಎರಡನೆಯದಕ್ಕೆ ಸಮನಾಗಿ ವರ್ಗವಾಗಿತ್ತು. ಅಲ್ಲಿ ಮೋಸವೇನೂ ಇರಲಿಲ್ಲ. ನಿವೃತ್ತಿಯ ಕಾಲಕ್ಕೆ ಉಳಿದುದು ಪತಿಯು ಹೇಳಿದುದಕ್ಕಿಂತ ಹೆಚ್ಚಾಗಿತ್ತು. ನಡುವೆ ಎರಡು ಸಲ ಮುಂಗಡ ತೆಗೆದ ಬರಹವಿತ್ತು. ಒಂದು 2008ರದು, ತಂಗಿಯ ಮದುವೆಗೆಂದು. ಆ ಮದುವೆ ಈ ತಾಯಿಗೆ ಚೆನ್ನಾಗಿ ನೆನಪಿತ್ತು. ಕೈಯಲ್ಲಿ ಬಿಡಿಗಾಸಿಲ್ಲವೆಂದು ಪತಿಯು ಹೇಳಿದ್ದರಿಂದ ಆಕೆ ತವರಿನ ಪಾಟ್ಲಿಗಳನ್ನು ಬಿಚ್ಚಿಕೊಟ್ಟಿದ್ದಳು. ಒತ್ತೆ ಹೋದವು ತಿರುಗಿ ಬರಲಿಲ್ಲ. ಪಾಟ್ಲಿ ಬಿಚ್ಚುವುದಕ್ಕೆ ಮೂರು ವಾರ ಮೊದಲೇ ಫಂಡಿನ ಹಣ ಬಂದಿತ್ತೆಂದು ಉತಾರೆ ಹೇಳುತ್ತಿತ್ತು. ತಂಗಿಯ ಮದುವೆ ಧರ್ಮಕಾರ್ಯವೇ ಇರಬಹುದು. ಆದರೆ ಬೇರೆ ದ್ರವ್ಯವಿದ್ದಿತು. ವಿಜ್ಞಾನೇಶ್ವರನ ಆ ನಿಬಂಧನೆಯನ್ನು ನಾನು ಅಂದು ಮೊದಲ ಸಲ ಓದಿದಂತಾಯಿತು.

ಇನ್ನೊಂದು 2003ರದು. ಅದನ್ನು ಆಕೆ ಮೂರು ಸಲ ಓದಿಸಿದಳು. ಆ ವರ್ಷ ಆಕೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ತವರಿನ ಅಣ್ಣನು ತೊಗರಿ ಮಾರಿದ ರೊಕ್ಕದಿಂದ ತಾನು ಬದುಕಿದೆನೆಂದೂ, ಗಂಡನು ಬಿಚ್ಚುಗೈಯವನಲ್ಲವೆಂದೂ ಆಕೆ ಇಪ್ಪತ್ತು ವರ್ಷ ನಂಬಿದ್ದಳು. ನಾಲ್ಕು ಜನರ ಮುಂದೆ ಹೇಳಿಯೂ ಇದ್ದಳು. ಅಣ್ಣನು ಕೊಟ್ಟುದು ಸುಳ್ಳಲ್ಲ. ಆದರೆ ಆಸ್ಪತ್ರೆಯ ಹೆಚ್ಚಿನ ಭಾಗ ಬಂದುದು ಫಂಡಿನಿಂದ, ಚಿಕಿತ್ಸೆಯ ಮುಂಗಡವೆಂದು. ಪತಿಯು ಅದನ್ನು ಎಂದೂ ಹೇಳಲಿಲ್ಲ. ಏಕೆ ಹೇಳಲಿಲ್ಲವೋ! ಗಂಡಸಿನ ಬಿಗುಮಾನವೋ, ಲೆಕ್ಕದ ಮಾತೇ ಮನೆಯಲ್ಲಿ ಏಳಬಾರದೆಂಬ ರೂಢಿಯೋ. ಒಂದನ್ನು ತೆರೆದರೆ ಇನ್ನೊಂದನ್ನೂ ತೆರೆಯಬೇಕಾದೀತೆಂಬ ಅಂಜಿಕೆ ಆಗಿನ್ನೂ ಇರಲಿಕ್ಕಿಲ್ಲ. 2008 ಇನ್ನೂ ಬಂದಿರಲಿಲ್ಲ. ಮುಚ್ಚುವ ಅಭ್ಯಾಸವು ಪಾಪದಿಂದ ಮೊದಲಾಗಲಿಲ್ಲ, ಒಳ್ಳೆಯ ಕೆಲಸವೊಂದರಿಂದ ಮೊದಲಾಯಿತು ಎಂಬುದು ನನಗೆ ಆಶ್ಚರ್ಯವನ್ನು ಉಂಟುಮಾಡಿತು.

ಇದನ್ನು ಬರೆಯುವ ಮೊದಲು ನನ್ನ ಮನೆಯಾಕೆಯನ್ನು ಕರೆದು, ನನ್ನ ಖಾತೆಯ ಅಂಕಿಯನ್ನೂ ಇರುವ ಮೊತ್ತವನ್ನೂ ಹೇಳಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು. ಇಷ್ಟು ದಿನ ಹೇಳಿರಲಿಲ್ಲ. ಆಕೆ ಕೈಯೊರಸಿಕೊಂಡು ಬಂದು, ಮೈಯಲ್ಲಿ ಆರಾಮ ಇಲ್ಲವೇನೆಂದು ನನ್ನ ಹಣೆ ಮುಟ್ಟಿ ನೋಡಿದಳು.

ಆ ತಾಯಿ ಉತಾರೆಯನ್ನು ಮಡಚುವ ಮುನ್ನ, 2003ರ ಸಾಲು ಯಾವುದೆಂದು ತನಗೆ ತಿಳಿಯುವಂತೆ ಗುರುತು ಮಾಡಿಕೊಡಿರೆಂದಳು. ಕೆಂಪು ಸೀಸದ ಕಡ್ಡಿಯಿಂದ ಕೆಳಗೆ ಗೆರೆ ಎಳೆದು ಕೊಟ್ಟೆ. 2008ರದಕ್ಕೂ ಎಳೆಯಲೇ ಎಂದು ಕೇಳಿದೆ. “ಅದು ವಕೀಲರಿಗೆ ಗೊತ್ತದರಿ” ಎಂದಳು. ವ್ಯಾಜ್ಯವು ಇನ್ನೂ ಮುಗಿದಿಲ್ಲ. ಮುಂದಿನ ತಾರೀಖು ಬರುವ ತಿಂಗಳಿನಲ್ಲಿದೆ.